ಸಕ್ಕರೆ ಡಬ್ಬಿಯಲ್ಲಿ ಸಿಕ್ಕ ಕೋಡು

ನಮ್ಮ ಆಫೀಸಿನಲ್ಲಿ ಯಜಮಾನರ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದ್ದು ಇಬ್ಬರೇ: ನಾನು ಮತ್ತು ಸರ್ವರ್.

ಯಾವನೋ ಪುಣ್ಯಾತ್ಮ ಲ್ಯಾಪ್‌ಟಾಪನ್ನು ಟ್ಯಾಕ್ಸಿಯಲ್ಲಿ ಬಿಟ್ಟು ಇಳಿದದ್ದೇ ನೆಪ. ಮಾರನೆಯ ದಿನ ಆದೇಶ ಹೊರಟಿತು. ಕೋಡ್ ಇನ್ನು ಸರ್ವರಿನಲ್ಲಿ ಮಾತ್ರ ಇರತಕ್ಕದ್ದು, ಎಲ್ಲರೂ ತಂತಮ್ಮ ಪ್ರತಿಗಳನ್ನು ಅಳಿಸತಕ್ಕದ್ದು, ತಪ್ಪಿದವರು ಮನೆಗೆ ಹೋಗತಕ್ಕದ್ದು. ಎಲ್ಲರೂ ತಲೆಯಾಡಿಸಿದರು. ನಾನು ಅಳಿಸಿದೆ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಕೆಲವು ವಾರಗಳ ಮೇಲೆ, ಒಂದು ಶುಕ್ರವಾರ ಬೆಳಿಗ್ಗೆ, ಸರ್ವರಿನ ಡಿಸ್ಕ್ ಕಿರ್ ಎಂದು ಒಮ್ಮೆ ಕೂಗಿ ಪ್ರಾಣ ಬಿಟ್ಟು, ತನ್ನಲ್ಲಿದ್ದುದನ್ನೂ ಅಳಿಸಿತು.

ಬ್ಯಾಕಪ್ ಇರಲಿಲ್ಲವೇ ಎಂದು ಕೇಳಬೇಡಿ, ಇತ್ತು. ಅದನ್ನು ನೋಡಿಕೊಳ್ಳುವವನಿಗೆ ನಾವಿಟ್ಟ ಹೆಸರು ಗಡಿಬಿಡಿ. ದಿನಾ ಸಂಜೆ ಅವನಿಗೆ 'ಬ್ಯಾಕಪ್ ಯಶಸ್ವಿ' ಎಂದು ಮೇಲ್ ಬರುತ್ತಿತ್ತು. ತೆರೆದು ನೋಡಿದರೆ ಒಳಗೆ ಗಾಳಿ. ಕೋಡನ್ನು ಹಿಂದೊಮ್ಮೆ ಬೇರೆ ಫೋಲ್ಡರಿಗೆ ಸಾಗಿಸಿದಾಗ ಅವನು ಬ್ಯಾಕಪ್ಪಿಗೆ ಹೇಳುವುದನ್ನು ಮರೆತಿದ್ದ. ಅದು ಪಾಪ, ಖಾಲಿ ಫೋಲ್ಡರನ್ನೇ ಶ್ರದ್ಧೆಯಿಂದ ನಕಲು ಮಾಡುತ್ತ ಬಂದಿತ್ತು.

"ಯಶಸ್ವಿ ಅಂತ ಬರ್ತಿತ್ತಲ್ಲಾ!" ಎಂದ ಗಡಿಬಿಡಿ, ಅಳುಮೋರೆ ಹಾಕಿಕೊಂಡು.

"ಶೂನ್ಯವನ್ನ ಯಶಸ್ವಿಯಾಗಿ ಕಾಪಿ ಮಾಡಿದೆ ಕಣೋ, ಅದರದ್ದೇನು ತಪ್ಪು?" ಎಂದೆ.

ಮಾತಿಗೆ ಹಾಗಂದೆನೇ ಹೊರತು ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವಳು ನಾನೇ. ನಾವು ಮಾಡುವುದು ದೊಡ್ಡ ಲಾಂಡ್ರಿಗಳಿಗೆ ಬೇಕಾದ ಸಾಫ್ಟ್‌ವೇರ್, ಯಾರ ಅಂಗಿ ಯಾರಿಗೆ ಹೋಗಬೇಕು ಎಂದು ಹೇಳುವಂಥದ್ದು. ಅದರಲ್ಲಿ ನನ್ನ ಪಾಲು ಕಾಲುಚೀಲ. ಒಂಟಿ ಕಾಲುಚೀಲದ ಚಿತ್ರ ತೋರಿಸಿದರೆ ಸಾವಿರ ಕಾಲುಚೀಲಗಳ ನಡುವಿನಿಂದ ಅದರ ಜೋಡಿಯನ್ನು ಹುಡುಕಿಕೊಡುವ ಕೋಡು. ಅದಕ್ಕಾಗಿ ಎರಡು ವರ್ಷ ತಲೆ ಕೆಡಿಸಿಕೊಂಡಿದ್ದೆ, ಎಲ್ಲರ ಬಾಯಲ್ಲಿ 'ಕಾಲುಚೀಲದಕ್ಕ' ಆಗಿದ್ದೆ. ಸೋಮವಾರ ಲಾಂಡ್ರಿಯವರು ಅದನ್ನು ನೋಡಲು ಬರುವವರಿದ್ದರು. ಈಗ ನನ್ನ ಕೈಯಲ್ಲಿ ಅದರ ಒಂದು ಸಾಲೂ ಇರಲಿಲ್ಲ. ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಚೆನ್ನಾಗಿ ಅತ್ತು ಬಂದೆ.

ಯಜಮಾನರು ಎಲ್ಲರನ್ನೂ ಕರೆದು, "ಯಾರಾದ್ರೂ ಅಪ್ಪಿತಪ್ಪಿ ಕಾಪಿ ಇಟ್ಕೊಂಡಿದ್ರೆ ಹೇಳಿ, ಏನೂ ಅನ್ನಲ್ಲ" ಎಂದರು. ನಮ್ಮ ರೆಪೊಸಿಟರಿ, ಅಂದರೆ ಕೋಡಿನ ಉಗ್ರಾಣ, ಹೇಗೆಂದರೆ, ಯಾರ ಹತ್ತಿರ ಒಂದು ಪ್ರತಿ ಇದ್ದರೂ ಸಾಕು, ಅಲ್ಲಿಯವರೆಗೆ ಯಾರು ಏನು ಬರೆದರು, ಏನು ತಿದ್ದಿದರು ಎಂಬ ಇಡೀ ಚರಿತ್ರೆ ಅದರಲ್ಲೇ ಇರುತ್ತದೆ. ಆದರೆ ಎಲ್ಲರೂ ಗೋಡೆಯನ್ನೇ ನೋಡಿದರು. 'ಮನೆಗೆ ಹೋಗತಕ್ಕದ್ದು' ಎಂಬ ಆದೇಶ ಇನ್ನೂ ಅಲ್ಲಿ ನೇತಾಡುತ್ತಿತ್ತು.

ಉಸ್ಸಪ್ಪ ಮಾತ್ರ ಆಮೇಲೆ ನನ್ನ ಮೇಜಿನ ಬಳಿ ಬಂದ. ಕೂತರೂ ಎದ್ದರೂ ನಿಟ್ಟುಸಿರು ಬಿಡುವುದರಿಂದ ಅವನು ಉಸ್ಸಪ್ಪ.

"ಅಕ್ಕಾ, ನನ್ನ ಸ್ನೇಹಿತ ಒಬ್ನಿದಾನೆ. ಅವನ ಹತ್ರ ಒಂದು ಕಾಪಿ ಇರಬಹುದೇನೋಪ್ಪ. ಅವನು ಹೆಸರು ಹೇಳಲ್ಲ. ಉಸ್..."

ಮೈಯೆಲ್ಲ ಉರಿದರೂ ತಡೆದುಕೊಂಡೆ. ಅಡುಗೆ ಮೂಲೆಯಲ್ಲಿದ್ದ ಸಕ್ಕರೆ ಡಬ್ಬಿಯನ್ನು ತೊಳೆದು ಒರೆಸಿ, "ಇದರೊಳಗೆ ಯಾರು ಏನು ಹಾಕಿದ್ರೂ ನಾನು ನೋಡಲ್ಲ. ಊಟ ಮುಗಿಯೋವರೆಗೆ ಆ ಕಡೆ ತಲೆನೂ ಹಾಕಲ್ಲ" ಎಂದು ಎಲ್ಲರಿಗೂ ಕೇಳುವಂತೆ ಸಾರಿದೆ.

ಅಂದು ನಮ್ಮ ಆಫೀಸಿನವರಿಗೆ ಎಂದೂ ಇಲ್ಲದಷ್ಟು ಬಾಯಾರಿಕೆ. ಒಬ್ಬೊಬ್ಬರೇ ನೀರು ಕುಡಿಯಲು ಹೋಗಿ ಬಂದರು. ಅಡುಗೆ ಮೂಲೆ ಯಾವ ದಿಕ್ಕಿನಲ್ಲಿದೆ ಎಂದೇ ಗೊತ್ತಿಲ್ಲದ ಯಜಮಾನರು ಕೂಡ, "ಟೀ ನಾನೇ ಮಾಡ್ಕೋತೀನಿ" ಎಂದು ಹೋಗಿ, ಟೀ ಇಲ್ಲದೆ ಬರಿಗೈಯಲ್ಲಿ ಮರಳಿದರು.

ಊಟವಾದ ಮೇಲೆ ಡಬ್ಬಿ ಅಲ್ಲಾಡಿಸಿದರೆ ಗಲಗಲ ಎಂದಿತು. ಒಳಗೆ ಐದಾರು ಪೆನ್‌ಡ್ರೈವ್. ಅಂದರೆ ಇಡೀ ಆಫೀಸಿನಲ್ಲಿ ಮೂರ್ಖಳಂತೆ ಹೇಳಿದ್ದನ್ನು ಕೇಳಿದವಳು ನಾನೊಬ್ಬಳೇ! ನಗಬೇಕೋ ಬೈಯಬೇಕೋ ತಿಳಿಯದೆ ಒಂದೊಂದನ್ನೇ ಕಂಪ್ಯೂಟರಿಗೆ ಚುಚ್ಚಿದೆ. ಈ ಮಹಾನುಭಾವರು ಮರೆತದ್ದೊಂದಿತ್ತು: ಪ್ರತಿಯ ಜೊತೆ ಇಟ್ಟುಕೊಂಡವರ ಹೆಸರೂ ಬಂದಿತ್ತು. ಉಸ್ಸಪ್ಪನ 'ಸ್ನೇಹಿತ'ನ ಹೆಸರು ಉಸ್ಸಪ್ಪನದೇ. ಅವನ ಪ್ರತಿಯಲ್ಲಿ ನನ್ನ ಕಾಲುಚೀಲ ಹುಟ್ಟಿಯೇ ಇರಲಿಲ್ಲ. ಗಡಿಬಿಡಿಯದರಲ್ಲಿ ಎಡಗಾಲಿನದಷ್ಟೇ ಮುಗಿದಿತ್ತು. ಮಿಕ್ಕವೂ ಅರ್ಧಂಬರ್ಧ. ಕೊನೆಗೆ ಉಳಿದ ಒಂದನ್ನೂ ಚುಚ್ಚಿದೆ.

ಅದರಲ್ಲಿ ಎಲ್ಲವೂ ಇತ್ತು. ಸರ್ವರ್ ಸಾಯುವ ಹಿಂದಿನ ಸಂಜೆ ನಾನು ಬರೆದಿಟ್ಟ ಕಡೆಯ ತಿದ್ದುಪಡಿ ಕೂಡ. ಒಡೆಯರ ಹೆಸರು ನೋಡಿದೆ. ಯಜಮಾನರದು.

ಹೊಸ ಡಿಸ್ಕಿಗೆ ಎಲ್ಲವನ್ನೂ ಏರಿಸಿ, ಒಂದು ಒಂಟಿ ಕಾಲುಚೀಲ ತೋರಿಸಿದೆ. ತಟ್ಟನೆ ಜೋಡಿ ಬಂತು. ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಯಜಮಾನರು ಬಂದು ಹಿಂದೆ ನಿಂತರು.

"ಸಿಕ್ತಾ? ಯಾರದಮ್ಮಾ ಅದು?" ಎಂದರು, ಕಿಟಕಿಯ ಕಡೆ ನೋಡುತ್ತ.

ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅವರು ತಮ್ಮ ಮಾತಿಗೆ ತಾವೇ ತಪ್ಪಿದ್ದರಿಂದಲೇ ನನ್ನ ಎರಡು ವರ್ಷ ಉಳಿದದ್ದು.

"ನೋಡಲ್ಲ ಅಂದಿದ್ದೆನಲ್ಲ ಸಾರ್, ನೋಡ್ಲಿಲ್ಲ."

ಯಜಮಾನರ ಮುಖ ಅರಳಿತು. ಸಂಜೆಯೊಳಗೆ ಹೊಸ ಆದೇಶ ಗೋಡೆ ಏರಿತು: ಎಲ್ಲರೂ ಕೋಡಿನ ಒಂದು ಪ್ರತಿಯನ್ನು ಕಡ್ಡಾಯವಾಗಿ ತಮ್ಮ ಬಳಿ ಇಟ್ಟುಕೊಳ್ಳತಕ್ಕದ್ದು, ವಾರಕ್ಕೊಮ್ಮೆ ಹೊಸದು ಮಾಡತಕ್ಕದ್ದು. ಎಲ್ಲರೂ ತಲೆಯಾಡಿಸಿದರು.

ಮೊನ್ನೆ ಯಾಕೋ ಅನುಮಾನ ಬಂದು ಒಬ್ಬೊಬ್ಬರನ್ನೇ ವಿಚಾರಿಸಿದೆ. ಗಡಿಬಿಡಿ ನಾಳೆ ಮಾಡುತ್ತೇನೆ ಎಂದ. ಉಸ್ಸಪ್ಪ ಉಸ್ ಎಂದ. ಯಜಮಾನರು, "ನೀನು ಇಟ್ಕೊಂಡಿದೀಯಲ್ಲಮ್ಮಾ?" ಎಂದರು.

ಇಟ್ಟುಕೊಂಡಿದ್ದೇನೆ. ಮನೆಯ ಬೀರುವಿನಲ್ಲಿ, ನನ್ನ ಗಂಡನ ಒಂಟಿ ಕಾಲುಚೀಲಗಳ ಕೆಳಗೆ.