ಮೂರು ಬೆರಳು ಸಡಿಲ

ಆ ಟೈಲರು ಹೊಲಿದ ಬಟ್ಟೆ ಯಾರಿಗೂ ಬಿಗಿಯಾದದ್ದಿಲ್ಲ. ಆಗುವುದಾದರೂ ಹೇಗೆ? ಸೊಂಟಕ್ಕೆ ಟೇಪು ಸುತ್ತುವಾಗ ದೊಡ್ಡವರಾದರೆ ಎರಡು ಬೆರಳು, ಬೆಳೆಯುವ ಮಕ್ಕಳಾದರೆ ಮೂರು ಬೆರಳು ಟೇಪಿನೊಳಗೆ ತೂರಿಸಿಕೊಂಡೇ ಅವನು ಅಳತೆ ಓದುತ್ತಿದ್ದ. ಗಿರಾಕಿ ಗೊಣಗಿದರೆ, "ಊಟ ಮಾಡೋಕೆ ಜಾಗ ಬೇಡ್ವಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದ. ಬಾಯಿ ಮುಚ್ಚದವಳು ಅವನ ಮಗಳೊಬ್ಬಳೇ. ಶಾಲೆಗೆ ಹೋಗುವಷ್ಟು ಕಾಲವೂ ಅವಳ ಸ್ಕರ್ಟು ಸೊಂಟದಲ್ಲಿ ನಿಂತದ್ದಕ್ಕಿಂತ ಕೈಯಲ್ಲಿ ನಿಂತದ್ದೇ ಹೆಚ್ಚು. ಓಟದ ಪಂದ್ಯದಲ್ಲಿ ಒಂದು ಕೈಯನ್ನು ಸ್ಕರ್ಟಿಗೇ ಮೀಸಲಿಟ್ಟು ಓಡಿ ಎಲ್ಲರಿಗಿಂತ ಕೊನೆಗೆ ಬಂದಾಗ ಅಪ್ಪ ಹೇಳಿದ್ದು ಇಷ್ಟೇ: "ಮುಂದಿನ ವರ್ಷಕ್ಕೆ ಸರಿಹೋಗುತ್ತೆ ಬಿಡು." ಸರಿಹೋಗುತ್ತಲೂ ಇತ್ತು. ಅಷ್ಟರಲ್ಲಿ ಹೊಸ ಸ್ಕರ್ಟು ಬರುತ್ತಿತ್ತು.

ಇಂಥವನ ಪಾಲಿಗೆ ಒಂದು ಕಾಡು ಬಂತು. ಮಕ್ಕಳಿಲ್ಲದ ಸೋದರತ್ತೆ ಸಾಯುವ ಮುಂಚೆ ಗುಡ್ಡದ ಮೇಲಿನ ಕಾಡನ್ನು ಅವನ ಹೆಸರಿಗೆ ಬರೆದಿಟ್ಟಳು. ಅವನು ವರ್ಷಗಟ್ಟಲೆ ಕಣ್ಣಿಟ್ಟಿದ್ದ ಹೊಲಿಗೆ ಯಂತ್ರವನ್ನು ಮಾತ್ರ ಪಕ್ಕದ ಮನೆಯವಳಿಗೆ ಕೊಟ್ಟುಹೋದಳು. ಕಾಡು ಕಟ್ಟಿಕೊಂಡು ಟೈಲರು ಏನು ಮಾಡಬೇಕು? ಮಗಳ ಮದುವೆಯಾದ ಮೇಲೆ ಅದನ್ನು ಬೀಗರಿಗೆ ಗುತ್ತಿಗೆಗೆ ಕೊಟ್ಟ.

ಬೀಗರೆಂದರೆ ಅಳಿಯನ ಅಪ್ಪ, ಬಡಗಿ. ದಪ್ಪ ಮೀಸೆ, ಅದಕ್ಕೆ ತಕ್ಕ ಗಂಟಲು. ಮಾತುಮಾತಿಗೆ "ತಮ್ಮಂಥ ದೊಡ್ಡೋರು" ಎನ್ನುತ್ತಲೇ ಎದುರಿನವರನ್ನು ಕುಗ್ಗಿಸುವ ಕಲೆ ಅವರಿಗೆ ಸಿದ್ಧಿಸಿತ್ತು. ಟೈಲರಿಗೆ ಅವರ ಮೇಲೆ ಗೌರವವಿತ್ತು, ಯಾಕೆಂದರೆ ಮಗಳನ್ನು ಆ ಮನೆಗೆ ಕೊಟ್ಟಿದ್ದ. ಪ್ರೀತಿ ಮಾತ್ರ ಎಳ್ಳಷ್ಟೂ ಇರಲಿಲ್ಲ.

ಕಾರ್ಬನ್ ವಿಷಯ ತಂದದ್ದು ಬೀಗರೇ. ಮರವು ನಿಂತಲ್ಲೇ ನಿಂತು ಗಾಳಿಯಲ್ಲಿರುವ ಇಂಗಾಲವನ್ನು ಹೀರಿ ಮೈಯಲ್ಲಿ ತುಂಬಿಕೊಳ್ಳುತ್ತದಂತೆ. ಎಷ್ಟು ದಪ್ಪ ಮರವೋ ಅಷ್ಟು ಕ್ರೆಡಿಟ್ಟು, ಅಂದರೆ ಹೀರಿದ ಇಂಗಾಲಕ್ಕೆ ಮಾರಬಹುದಾದ ಚೀಟಿ. ಆ ಕ್ರೆಡಿಟ್ಟುಗಳನ್ನು ಕಾರ್ಖಾನೆಯವರು ಕೊಂಡುಕೊಂಡು, ಮನಸ್ಸಿಗೆ ಸಮಾಧಾನ ಮಾಡಿಕೊಂಡು, ಎಂದಿನಂತೆ ಹೊಗೆ ಬಿಡುತ್ತಾರಂತೆ.

"ಸುಮ್ನೆ ನಿಂತಿದ್ದಕ್ಕೆ ದುಡ್ಡಾ?" ಎಂದು ಟೈಲರು ಬಾಯಿ ಬಿಟ್ಟ. ಅವನ ಅಳಿಯ ಮದುವೆಯಾದಾಗಿನಿಂದ ಸುಮ್ಮನೆ ನಿಂತೇ ಇದ್ದ, ಯಾರೂ ಬಿಡಿಗಾಸು ಕೊಟ್ಟಿರಲಿಲ್ಲ.

ಕಾಡು ನೋಂದಣಿಯಾದದ್ದು ಗುತ್ತಿಗೆದಾರರ ಹೆಸರಿನಲ್ಲಿ. ಕ್ರೆಡಿಟ್ಟು ಅವರದು, ಹೊಣೆಯೂ ಅವರದೇ. ಲೆಕ್ಕಕ್ಕೆ ಕೊಟ್ಟಷ್ಟು ಮರ ಕಾಡಿನಲ್ಲಿ ಇಲ್ಲವೆಂದಾದರೆ ಹೆಚ್ಚುವರಿ ಕ್ರೆಡಿಟ್ಟು ವಾಪಸು ಕೊಡಬೇಕು. ಗುತ್ತಿಗೆ ಬಿಟ್ಟರೆ ಆ ಹೊಣೆ ಜಮೀನಿನ ಒಡೆಯನ ತಲೆಗೆ ಬರುತ್ತದೆ. ಇವೆಲ್ಲ ಟೈಲರನ ಕಿವಿಗೆ ಬಿದ್ದವು, ತಲೆಗೆ ಹೋಗಲಿಲ್ಲ. ಅವನ ತಲೆಯಲ್ಲಿದ್ದದ್ದು ಒಂದೇ ಮಾತು. ಮುಂದಿನ ತಪಾಸಣೆಯಲ್ಲಿ ಎಲ್ಲ ಸರಿಯಿದ್ದರೆ ಗುಡ್ಡದ ನೆತ್ತಿಯ ಮರಗಳನ್ನು ಕಡಿಯಲು ಅಪ್ಪಣೆ ಸಿಗುತ್ತಿತ್ತು, ಆ ಮರದಲ್ಲಿ ಮಗಳ ಮನೆಗೆ ತೊಲೆ, ಬಾಗಿಲು ಮಾಡಿಕೊಡುತ್ತೇನೆಂದು ಬೀಗರು ಮಾತು ಕೊಟ್ಟಿದ್ದರು. ಮಗಳು ಮಾವನ ಮರದಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಸಂಸಾರ ಮಾಡುತ್ತಿದ್ದಳು. ಕೆಳಗೆ ಗರಗಸ ಶುರುವಾದರೆ ಮೇಲೆ ಲೋಟಗಳು ಕುಣಿದು ನೆಲಕ್ಕೆ ಬೀಳುತ್ತಿದ್ದವು. ಬೀದಿಯ ತುದಿಯಲ್ಲಿ ಅವಳ ಮನೆಯ ಗೋಡೆ ಎದ್ದು ನಿಂತಿತ್ತು, ಸೂರಿಗಾಗಿ ಕಾಯುತ್ತಿತ್ತು.

"ಮರ ಅಳೆಯೋಕೆ ಬೇರೆ ಜನ ಯಾಕೆ? ತಮ್ಮಂಥ ದೊಡ್ಡೋರ ಟೇಪು ಇರುವಾಗ!" ಎಂದರು ಬೀಗರು. ಕೂಲಿ ಉಳಿಸುವಾಗ ಅವರ ಬಾಯಲ್ಲಿ ಜೇನು ಸುರಿಯುತ್ತಿತ್ತು. ಟೈಲರು ಉಬ್ಬಿಹೋಗಿ ಗುಡ್ಡ ಹತ್ತಿದ. ಲೆಕ್ಕಕ್ಕೆಂದು ಬಣ್ಣದ ಗುರುತು ಹಾಕಿದ ಒಂದೊಂದು ಮರವನ್ನೂ ತಬ್ಬಿ ಅಳೆದು ಬಂದ. ಬೀಗರು ಕಣ್ಣುಮುಚ್ಚಿ ಸಹಿ ಹಾಕಿದರು, ಕ್ರೆಡಿಟ್ಟು ಮಾರಿದರು, ದೊಡ್ಡದೊಂದು ಗರಗಸದ ಯಂತ್ರ ತಂದರು. ಮರ ಕಡಿಯದೆ ಇದ್ದುದಕ್ಕೆ ಸಿಕ್ಕ ದುಡ್ಡಿನಲ್ಲಿ ಮರ ಕೊಯ್ಯುವ ಯಂತ್ರ ಬಂದದ್ದರಲ್ಲಿ ಯಾರಿಗೂ ಏನೂ ವಿಶೇಷ ಕಾಣಲಿಲ್ಲ.

ಎರಡು ವರ್ಷಕ್ಕೆ ಕಾರ್ಬನ್ ಕಚೇರಿಯಿಂದ ತಪಾಸಣೆಯವಳು ಬಂದಳು. ಮೊಣಕಾಲುದ್ದದ ಬೂಟು, ಜೇಬಿನ ತುಂಬ ಬಿಸ್ಕತ್ತು. ಒಬ್ಬಳೇ ಗುಡ್ಡಕ್ಕೆ ಹೋಗಿ ಅಳೆದುಕೊಂಡು ಬಂದು, ಬಡಗಿಯ ಅಂಗಡಿಯಲ್ಲಿ ಹಲಗೆಯ ರಾಶಿಯ ಮೇಲೆ ಕುಳಿತು ಹೇಳಿದಳು:

"ನಿಮ್ಮ ಮರಗಳು ತೆಳ್ಳಗಾಗಿವೆ."

"ತೆಳ್ಳಗಾ? ಮರ ಏನು ಡಯಟ್ ಮಾಡುತ್ತಾ ಮೇಡಂ?" ಎಂದು ಬೀಗರು ಗಹಗಹಿಸಿದರು.

"ಅದನ್ನೇ ನಾನೂ ಕೇಳ್ತಿರೋದು. ದಪ್ಪ ಮರ ಕಡಿದು ಮಾರ್ಕೊಂಡು, ತೆಳ್ಳಗಿರೋದಕ್ಕೆ ಗುರುತು ಹಾಕಿದ್ದೀರಿ ಅಂತಾರೆ ಕಚೇರಿಯಲ್ಲಿ." ಅವಳ ಕಣ್ಣು ಗರಗಸದ ಯಂತ್ರದ ಕಡೆ ಹೊರಳಿತು. ಎಲ್ಲರ ಕಣ್ಣೂ ಅತ್ತಲೇ ಹೊರಳಿತು. "ಆದ್ರೆ ಕಡಿದ ಬುಡ ಒಂದೂ ಸಿಗಲಿಲ್ಲ. ಅದೇ ಅರ್ಥ ಆಗ್ತಿಲ್ಲ."

ಸುದ್ದಿ ಕೇಳಿ ಅಲ್ಲಿಗೆ ಬಂದಿದ್ದ ಟೈಲರಿಗೆ ಮೊದಲು ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳೇಕೆ, ಬೀಗರ ಮೀಸೆ ಜೋಲುಬಿದ್ದದ್ದನ್ನು ಅವನು ಅದೇ ಮೊದಲು ಕಂಡದ್ದು. ಆಮೇಲೆ ಮಗಳ ಬೋಳು ಗೋಡೆ ನೆನಪಾಯಿತು. ರಕ್ತ ಕುದಿಯಿತು.

"ಬುಡಸಮೇತ ಕಿತ್ತಿರಬಹುದು ಮೇಡಂ," ಎಂದ.

"ಬೀಗರೇ! ನಾನು ಕಳ್ಳ ಅಂತೀರಾ?"

"ನಾನೇನೂ ಅನ್ನಲ್ಲ. ನನ್ನ ಟೇಪು ಸುಳ್ಳು ಹೇಳಲ್ಲ, ಅಷ್ಟೇ. ನಿಮ್ಮ ಮನೆ ಸೊಸೆ ಸೂರಿಲ್ಲದೆ ಕೂತಿದ್ದಾಳೆ, ನಿಮಗೆ ಮರ ಮಾರಿ ತಿನ್ನೋ ಯೋಚನೆ!"

"ಹಾಗಾದ್ರೆ ಕೇಳಿ, ಗುತ್ತಿಗೆ ಇವತ್ತೇ ಬಿಡ್ತೀನಿ! ಕಾಡೂ ನಿಮ್ಮದೇ, ಹೊಣೇನೂ ನಿಮ್ಮದೇ. ತಮ್ಮಂಥ ದೊಡ್ಡೋರೇ ಹೊತ್ಕೊಳ್ಳಿ!"

ಮೆಟ್ಟಿಲ ಮೇಲೆ ನಿಂತಿದ್ದ ಮಗಳು ಇಳಿದು ಬಂದಳು. "ಇಬ್ರೂ ಸ್ವಲ್ಪ ಸುಮ್ನಿರಿ. ಅಪ್ಪ, ನೀನು ಇವರೆದುರಿಗೇ ಅಳೆದು ತೋರಿಸು. ಮಾವ, ನೀವೂ ನಡೀರಿ." ಅಳಿಯನೂ ಹೊರಟ. ಅವನಿಗೆ ಯಾರೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ.

ಗುಡ್ಡದ ಮೇಲೆ ಟೈಲರು ತೋಳು ಮಡಿಚಿದ. ಕೊರಳಲ್ಲಿದ್ದ ಟೇಪನ್ನು ಮೊದಲ ಮರಕ್ಕೆ ಸುತ್ತಿ ಗಟ್ಟಿಯಾಗಿ ಅಳತೆ ಕೂಗಿದ. ತಪಾಸಣೆಯವಳು ತನ್ನ ಟೇಪು ಸುತ್ತಿದಳು. ಅವಳ ಅಳತೆ ಕಡಿಮೆ ಬಂತು.

"ನಿಮ್ಮ ಟೇಪು ಎಳೆದು ಎಳೆದು ಹಿಗ್ಗಿದೆ," ಎಂದ ಟೈಲರು.

ಅವಳು ಎರಡೂ ಟೇಪುಗಳನ್ನು ಜೋಡಿಸಿ ಹಿಡಿದಳು. ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಎರಡನೆಯ ಮರವೂ ಅಷ್ಟೇ ಕಡಿಮೆ ಬಂತು, ಮೂರನೆಯದೂ ಅಷ್ಟೇ. ಟೈಲರು ಬೆವರತೊಡಗಿದ. ಬೀಗರ ಮೀಸೆ ನಿಧಾನಕ್ಕೆ ಮೇಲೇಳತೊಡಗಿತು.

ಅಷ್ಟರಲ್ಲಿ ಯಾರೋ ಬಿಕ್ಕಿದಂತೆ ಕೇಳಿತು. ಮಗಳು ನೆಲಕ್ಕೆ ಕುಸಿದು ಕುಳಿತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು.

"ಇಲ್ಲಿ ಅಪ್ಪನ ಮಾನ ಹೋಗ್ತಿದೆ, ನಿನಗೆ ನಗುವಾ?"

"ಅಪ್ಪ," ಎಂದಳು ಅವಳು ಉಸಿರು ಹಿಡಿದುಕೊಂಡು, "ಬೆರಳು ತೆಗಿ."

ಟೈಲರು ಬಗ್ಗಿ ನೋಡಿದ. ಟೇಪಿಗೂ ತೊಗಟೆಗೂ ನಡುವೆ ಅವನ ಮೂರು ಬೆರಳುಗಳು ಬೆಚ್ಚಗೆ ಮಲಗಿದ್ದವು. ಅವನು ಅಲ್ಲಿ ಇಟ್ಟದ್ದಲ್ಲ, ಅವಾಗಿಯೇ ಹೋಗಿದ್ದವು.

"ಬೆಳೆಯೋ ಮೈ ಅಲ್ವಾ..." ಎಂದ.

"ಮರಕ್ಕೂ ಊಟಕ್ಕೆ ಜಾಗ ಬಿಟ್ರಾ ಬೀಗರೇ!" ಬೀಗರು ಗುಡ್ಡವೆಲ್ಲ ಮೊಳಗುವಂತೆ ಅಬ್ಬರಿಸಿದರು. "ನನಗೆ ಕಳ್ಳ ಅಂದ್ರಲ್ಲ, ಈಗ ಹೇಳಿ!"

ಎಲ್ಲ ಬಿಟ್ಟು ಅಳತೆಯಲ್ಲೇ ತಾನು ಸಿಕ್ಕಿಬಿದ್ದದ್ದಕ್ಕೆ ಟೈಲರಿಗೆ ತಡೆಯಲಾರದ ನಾಚಿಕೆಯಾಯಿತು. ಇಂಗು ತಿಂದ ಮಂಗನಂತೆ ನಿಂತು, "ತಪ್ಪಾಯ್ತು ಬೀಗರೇ," ಎಂದ. ಇಷ್ಟು ವರ್ಷಗಳಲ್ಲಿ ಬೀಗರಿಗೆ ಅವನು ಮನಸ್ಸಿನಿಂದ ಹೇಳಿದ ಮೊದಲ ಮಾತು ಅದು.

ತಪಾಸಣೆಯವಳು ಬಿಸ್ಕತ್ತು ಕಡಿಯುತ್ತ ಹೇಳಿದಳು, "ಕಳ್ಳತನ ಅಲ್ಲ ಅಂತ ಬರೀತೀನಿ. ಆದ್ರೆ ಇಲ್ಲದ ದಪ್ಪಕ್ಕೆ ಕ್ರೆಡಿಟ್ ತಗೊಂಡಿದ್ದೀರಿ. ಒಂದೋ ವಾಪಸು ಕೊಡಿ. ಇಲ್ಲಾಂದ್ರೆ ಮರಗಳು ನೀವು ಬರೆದುಕೊಟ್ಟ ಅಳತೆಗೆ ಬೆಳೆಯೋ ತನಕ ಒಂದನ್ನೂ ಮುಟ್ಟೋ ಹಾಗಿಲ್ಲ. ಐದಾರು ವರ್ಷ ಆಗಬಹುದು. ಯಾರ ಹೆಸರಲ್ಲಿ ಗುತ್ತಿಗೆ ಇರುತ್ತೋ ಅವರೇ ಕಾಯಬೇಕು."

ವಾಪಸು ಕೊಡಲು ಕ್ರೆಡಿಟ್ಟು ಉಳಿದಿರಲಿಲ್ಲ, ಗರಗಸವಾಗಿತ್ತು. ಕೂಡಲೇ ಬೀಗರು ಕೈ ಎತ್ತಿದರು. "ನನಗೆ ಬೇಡಪ್ಪ. ನಾನು ಗುತ್ತಿಗೆ ಬಿಟ್ಟೆ."

"ನನ್ನ ತಲೆಗೇ ಬರಲಿ," ಎಂದ ಟೈಲರು. ಅವನಿಗೆ ಮಗಳ ಮುಖ ನೋಡುವ ಧೈರ್ಯವಿರಲಿಲ್ಲ. ಇದೇ ಕೈಯಿಂದ ಅವಳ ಸೂರು ಕಿತ್ತುಹಾಕಿದೆನಲ್ಲ ಎಂದು ತನ್ನ ಬೆರಳುಗಳನ್ನೇ ನೋಡಿಕೊಂಡ.

"ಬೇಡ. ಗುತ್ತಿಗೆ ನನ್ನ ಹೆಸರಿಗೆ ಮಾಡಿ," ಎಂದಳು ಮಗಳು, ಬಟ್ಟೆಗೆ ಅಂಟಿದ ಎಲೆ ಕೊಡವಿ ಎದ್ದು ನಿಂತು. "ಮಾವನ ಕೈಲಿದ್ರೆ ಗರಗಸ ಸುಮ್ನಿರಲ್ಲ, ನಿನ್ನ ಕೈಲಿದ್ರೆ ಬೆರಳು ಸುಮ್ನಿರಲ್ಲ. ಹೊಣೆ ನಾನು ಹೊತ್ಕೋತೀನಿ. ಮನೆಗೆ ಸದ್ಯಕ್ಕೆ ತಗಡು ಹೊದಿಸೋಣ. ಗರಗಸದ ಮೇಲೆ ಮಲಗೋದಕ್ಕಿಂತ ಅದೇ ವಾಸಿ."

"ತಗಡಿನ ಖರ್ಚು ನನ್ನದು," ಎಂದು ಬೀಗರು ಮೀಸೆಯೊಳಗೇ ಗೊಣಗಿದರು. ಅಳಿಯ ತಲೆಯಾಡಿಸಿದ. ಅವತ್ತಿನ ಮಟ್ಟಿಗೆ ಅದೇ ಅವನ ದೊಡ್ಡ ಕೆಲಸ.

"ಐದಾರು ವರ್ಷ ಕಣೇ!" ಟೈಲರನ ಕಣ್ಣು ತುಂಬಿತ್ತು.

"ಆಗ್ಲಿ ಬಿಡಪ್ಪ. ನೀನು ಹೊಲಿದ ಸ್ಕರ್ಟಿಗೆಲ್ಲ ನಾನು ಬೆಳೀಲಿಲ್ವಾ? ಅವೂ ಬೆಳೀತವೆ."

ಟೈಲರು ಮುಖ ತಿರುಗಿಸಿ ಟೇಪಿನ ತುದಿಯಲ್ಲೇ ಮೂಗು ಒರೆಸಿಕೊಂಡ. ಗುರುತಿನ ಮರಗಳನ್ನೆಲ್ಲ ಹೊಸದಾಗಿ ಅಳೆಯಬೇಕಿತ್ತು. ಅವನು ನಾಲ್ಕನೆಯ ಮರಕ್ಕೆ ಟೇಪು ಸುತ್ತಿದ. ಬೆರಳುಗಳು ಆಗಲೇ ಒಳಕ್ಕೆ ಹೊರಟಿದ್ದವು. ಮಗಳು ಹಿಂದಿನಿಂದ ಬಂದು ಆ ಮೂರೂ ಬೆರಳುಗಳನ್ನು ಹೊರಗೆಳೆದು ತನ್ನ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಚಿಕ್ಕಂದಿನಲ್ಲಿ ಸ್ಕರ್ಟು ಹಿಡಿದುಕೊಳ್ಳುತ್ತಿದ್ದ ಕೈ ಅದು, ಹಿಡಿತ ಜೋರಾಗಿತ್ತು. ಅವನು ಇನ್ನೊಂದು ಕೈಯಿಂದ ಟೇಪು ಎಳೆದು ಬಿಗಿದ. ಟೇಪು ತೊಗಟೆಗೆ ಕಚ್ಚಿಕೊಂಡು ಕೂತಿತು.

"ಪಾಪ, ಉಸಿರು ಹೇಗೆ ಆಡುತ್ತೋ," ಎಂದ ಟೈಲರು.

"ನೀವು ಬರ್ಕೊಳ್ಳಿ ಮೇಡಂ," ಎಂದಳು ಮಗಳು.