ಕೂಡಿಸಿದ ಪೆಟ್ಟಿಗೆ

ಸಲಹೆ ಕೊಟ್ಟವಳು ಭವ್ಯಳೇ. ಅದನ್ನು ಆಮೇಲೆ ಬೇರೆ ಯಾರ ತಲೆಗೂ ಕಟ್ಟುವಂತಿರಲಿಲ್ಲ.

ಬುಕ್ಕಾಂಬುಧಿ ಕೆರೆಯ ಕೆಳಗಿನ ತೆಂಗಿನ ತೋಟದಲ್ಲಿ ಅವಳ ಗಂಡ ಧರ್ಮೇಶ್ ತುಡುವೆ ಜೇನು ಸಾಕಿದ್ದ. ರೋಗ ಬಂದು ಸಾಲು ಪೆಟ್ಟಿಗೆಗಳೆಲ್ಲ ಖಾಲಿಯಾಗಿ, ಉಳಿದದ್ದು ಎರಡೇ. ಎರಡರಲ್ಲೂ ಹುಳು ಕಮ್ಮಿ. ಅವೂ ಹೋದರೆ ತೋಟದಲ್ಲಿ ಜೇನಿನ ವಂಶವೇ ಮುಗಿದಂತೆ. ಧರ್ಮೇಶ್ ಊಟಕ್ಕೆ ಕೂತರೂ ಕಣ್ಣು ಆ ಕಡೆಗೇ.

ಭವ್ಯ ಮಾತ್ರ ಆಗ ಭೂಮಿಯ ಮೇಲೇ ಇರಲಿಲ್ಲ. ಪಿಎಚ್‌ಡಿಗೆಂದು ಅವಳು ನೋಡುತ್ತಿದ್ದದ್ದು ಡಿಕ್ಕಿಯಾಗಿ ಒಂದಾಗುತ್ತಿದ್ದ ಎರಡು ಗ್ಯಾಲಕ್ಸಿಗಳನ್ನು. ಲ್ಯಾಪ್‌ಟಾಪಿನಲ್ಲಿ ಅವು ನೀಲಿಯಾಗಿ ಧಗಧಗಿಸುತ್ತಿದ್ದವು.

"ಕೂಡಿದಾಗ ಎರಡರ ತಣ್ಣನೆ ಅನಿಲವೂ ನಡುವಿಗೆ ನುಗ್ಗಿ ಒತ್ತಿಕೊಳ್ಳುತ್ತೆ ಕಣ್ರೀ. ಆಗ ಹೊಸ ನಕ್ಷತ್ರ ರಾಶಿ ರಾಶಿ ಹುಟ್ತವೆ," ಎಂದು ಗಂಡನಿಗೆ ತೋರಿಸಿದಳು. "ನೀವೂ ಎರಡು ಪೆಟ್ಟಿಗೆ ಕೂಡಿಸ್ಬಿಡ್ರಿ."

ಓದಿದವಳ ಮಾತು, ಅದೂ ಹೆಂಡತಿಯ ಮಾತು. ಅವನು ಒಪ್ಪಿದ. ಒಂದರ ಮೇಲೊಂದು ಪೆಟ್ಟಿಗೆ ಇಟ್ಟು, ನಡುವೆ ತೂತು ಮಾಡಿದ ಪೇಪರ್ ಹಾಸಿದರೆ, ಹುಳುಗಳು ಅದನ್ನು ಕಡಿದು ಮುಗಿಸುವಷ್ಟರಲ್ಲಿ ವಾಸನೆ ಬೆರೆತು ಒಂದಾಗುತ್ತವೆ. ಆದರೆ ಒಂದು ಗೂಡಿಗೆ ಒಂದೇ ರಾಣಿ, ಮೊದಲು ಇನ್ನೊಂದನ್ನು ಕೊಲ್ಲಬೇಕು. ಅಲ್ಲಿ ಅವನ ತಾಯಿ ಸಾವಿತ್ರಮ್ಮ ಅಡ್ಡ ನಿಂತರು.

"ಅಷ್ಟೂ ಮಕ್ಕಳ ತಾಯಿ ಕಣೋ ಅದು. ಈ ಮನೇಲಿ ಇರುವೆ ಗೂಡಿಗೂ ಬಿಸಿನೀರು ಹುಯ್ದಿಲ್ಲ."

ಧರ್ಮೇಶ್ ಹೆಂಡತಿಯ ಮುಖ ನೋಡಿದ. "ನಿನ್ ಗ್ಯಾಲಕ್ಸೀಲಿ ಹೆಂಗೇ?"

"ಅಲ್ಲೂ ನಡುವೆ ಒಂದೊಂದು ಬ್ಲ್ಯಾಕ್ ಹೋಲ್ ಇರ್ತವೆ. ಯಾರೂ ತೆಗೆಯಲ್ಲ, ಸುತ್ತುತ್ತಾ ಅವೇ ಒಂದಾಗ್ತವೆ," ಎಂದು ಭವ್ಯ ಪರದೆಯಿಂದ ಕಣ್ಣು ಕೀಳದೆ ಹೇಳಿಬಿಟ್ಟಳು. ರಾಣಿಗಳೆರಡೂ ಉಳಿದವು.

ಕೂಡಿಸಿದ ಪೆಟ್ಟಿಗೆ ತುಂಬಿತು. ಮೊರೆತ ಜಗಲಿಯವರೆಗೂ ಕೇಳುತ್ತಿತ್ತು. "ನಿನ್ ಮಾತು ಸುಳ್ಳಾಗ್ಲಿಲ್ಲ ನೋಡೇ," ಎಂದು ಧರ್ಮೇಶ್ ಬೀಗಿದ. ಭವ್ಯ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ನೆರಳಿನಲ್ಲಿದ್ದರೂ ಹಲಗೆ ಜ್ವರ ಬಂದ ಮಗುವಿನ ಹಣೆಯಂತೆ ಸುಡುತ್ತಿತ್ತು. ಅವಳಿಗೆ ಯಾಕೋ ಹಿತವೆನಿಸಲಿಲ್ಲ, ಆದರೂ ಗಂಡನ ಖುಷಿ ಕೆಡಿಸಲು ಮನಸ್ಸಾಗಲಿಲ್ಲ.

ಕೆಲವು ವಾರಗಳಾದ ಮೇಲೆ ಆ ಗ್ಯಾಲಕ್ಸಿಗಳ ಬಗ್ಗೆ ರೇಡಿಯೊ ದೂರದರ್ಶಕದ ಮಾಹಿತಿ ಬಂತು. ತಣ್ಣನೆಯ ಅನಿಲ ಇರಬೇಕಾದ ಜಾಗ ಬರಿದಾಗಿತ್ತು. ಒಂದಷ್ಟು ನಕ್ಷತ್ರಗಳ ಹೆರಿಗೆಯಲ್ಲೇ ತೀರಿತ್ತು, ಮಿಕ್ಕದ್ದು ನಡುವಿನ ಬ್ಲ್ಯಾಕ್ ಹೋಲುಗಳ ಅಬ್ಬರಕ್ಕೆ ಕಾದು ಚದುರಿತ್ತು. ಕಾದ ಅನಿಲ ಮುದ್ದೆಗಟ್ಟುವುದಿಲ್ಲ, ಮುದ್ದೆಗಟ್ಟದೆ ನಕ್ಷತ್ರ ಹುಟ್ಟುವುದಿಲ್ಲ. ಆ ನೀಲಿ ಬೆಳಕೆಲ್ಲ ಹಿಂದೆ ಹುಟ್ಟಿದವುಗಳದ್ದು, ಅವುಗಳಿಗೂ ಆಯುಸ್ಸು ಕಮ್ಮಿ.

ಭವ್ಯಳಿಗೆ ಪೆಟ್ಟಿಗೆಯ ಹಲಗೆಯ ಬಿಸಿ ನೆನಪಾಯಿತು. ತೋಟಕ್ಕೆ ಓಡಿದಳು.

"ಮುಚ್ಚಳ ತೆಗೀರಿ. ಮೊಟ್ಟೆ ಇದೆಯಾ ನೋಡ್ರಿ."

ಧರ್ಮೇಶ್ ಮೇಣದ ಎರಿಗಳನ್ನು ಒಂದೊಂದಾಗಿ ಎತ್ತಿ ಬಿಸಿಲಿಗೆ ಹಿಡಿದ. ಎಲ್ಲದರ ಮೇಲೂ ಹುಳು ಮುತ್ತಿಕೊಂಡಿದ್ದವು, ತುಪ್ಪವೂ ಇತ್ತು. ಆದರೆ ಕೋಶಗಳಲ್ಲಿ ಒಂದು ಮೊಟ್ಟೆಯಿಲ್ಲ, ಒಂದು ಮರಿಯಿಲ್ಲ. ರಾಣಿಗಳೆರಡೂ ಕಾಣಲಿಲ್ಲ.

"ಎರಡೂ ರಾಣೀನ ಬೇಯಿಸ್ಬಿಟ್ಟವೆ," ಎಂದ ಮೆಲ್ಲಗೆ. "ವಾಸನೆ ಒಪ್ಪದಿದ್ರೆ ಸುತ್ತ ಉಂಡೆಗಟ್ಟಿ ಮೈಬಿಸಿಗೇ ಸಾಯಿಸ್ತವೆ. ಅವರ ರಾಣೀನ ಇವು, ಇವರ ರಾಣೀನ ಅವು. ಹೊಸ ರಾಣಿ ಮಾಡ್ಕೊಳ್ಳೋಕೂ ಮೊಟ್ಟೆ ಉಳಿದಿಲ್ಲ. ಇನ್ನು ಇರೋವು ಇರೋಷ್ಟು ದಿನ ಅಷ್ಟೇ."

ಮೊರೆತ ಕೇಳಿ ಸಾವಿತ್ರಮ್ಮ ನಗುತ್ತಾ ಬಂದರು. "ಎಷ್ಟ್ ತುಂಬೈತೋ! ಇಬ್ಬರು ತಾಯೀರನ್ನೂ ಉಳಿಸಿದ ಪುಣ್ಯ ಕಣೋ."

"ಹೂಂ ಕಣಮ್ಮಾ," ಎಂದು ಧರ್ಮೇಶ್ ಮುಚ್ಚಳ ಮುಚ್ಚಿದ.

ಭವ್ಯ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಕಾವು ಕೊಡಲು ಒಳಗೆ ಮರಿಯಿಲ್ಲ, ಹಲಗೆ ಈಗ ತಣ್ಣಗಿತ್ತು.