ಎಡಕ್ಕೆ ಸಾಗಿದ ದೋಣಿ

“ದಾರಿ ಬಿಡಿ, ದಾರಿ ಬಿಡಿ, ಅಪ್ಪನ ಮೇಡಂ ಬಂದಿದಾರೆ!” ಎನ್ನುತ್ತ ಸತ್ತವನ ಮಗಳು ಜನರ ನಡುವೆ ಮೇಡಂ ಅವರ ಕೈ ಹಿಡಿದು ಎಳೆದುಕೊಂಡೇ ಹೋದಳು. ಎಲ್ಲೋ ಮೂಲೆಯಲ್ಲಿ ನಿಂತು, ಮುಖ ತೋರಿಸಿ, ಸದ್ದಿಲ್ಲದೆ ಜಾರಿಕೊಳ್ಳೋಣ ಎಂದು ಬಂದಿದ್ದ ಮೇಡಂ ಈಗ ಹೆಣದ ತಲೆಯ ಬಳಿಯೇ, ಆ ಮನೆಯಲ್ಲಿದ್ದ ಒಂದೇ ಒಂದು ಗಟ್ಟಿ ಕುರ್ಚಿಯಲ್ಲಿ ಕೂತಿದ್ದರು. ಬೇಡ ಎಂದರೆ ಯಾರು ಕೇಳಬೇಕು?

ಮಲಗಿದ್ದವನನ್ನು ಕಲಾಶಾಲೆಯಲ್ಲಿ ಎಲ್ಲರೂ ಸ್ಲೈಡಪ್ಪ ಎನ್ನುತ್ತಿದ್ದರು. ಮೇಡಂ ಅಲ್ಲಿ ಕಲೆಯ ಇತಿಹಾಸ ಪಾಠ ಮಾಡುತ್ತಿದ್ದರು. ಹತ್ತೊಂಬತ್ತು ವರ್ಷ ಅವರ ಬೆನ್ನ ಹಿಂದೆ ಪ್ರೊಜೆಕ್ಟರಿಗೆ ಒಂದೊಂದೇ ಸ್ಲೈಡು ಹಾಕಿದವನು ಇವನು. ಗುಹೆಯ ಗೋಡೆಯ ಕಾಡುಕೋಣದಿಂದ ಹಿಡಿದು ಈಜಿಪ್ಟು, ಗ್ರೀಸು, ರೋಮು ದಾಟಿ, ಮೂಗೊಂದು ಕಡೆ ಕಣ್ಣೊಂದು ಕಡೆ ಇರುವ ಮೊನ್ನೆಮೊನ್ನೆಯ ಚಿತ್ರಗಳವರೆಗೆ ಎಲ್ಲವೂ ಅವನ ಹೆಬ್ಬೆರಳನ್ನು ದಾಟಿಯೇ ಪರದೆಗೆ ಹೋಗಿದ್ದವು.

“ಮನೇಲೂ ಅದೇ ಪಾಠ ಕಣ್ರೀ,” ಎಂದ ಪಕ್ಕದ ಮನೆಯ ದರ್ಜಿ. “ನಮ್ ಗೋಡೆಗೆ ನೀರಿಳಿದು ಬೂಷ್ಟು ಹಿಡಿದ್ರೆ, ‘ಸುಣ್ಣ ಹೊಡೀಬೇಡ್ವೋ, ದೂರ ನಿಂತು ನೋಡು, ಇಂಪ್ರೆಷನಿಸಂ ಅದು’ ಅಂತಿದ್ದ.”

“ನಾನು ಮುನಿಸ್ಕೊಂಡು ಮೂತಿ ಸೊಟ್ಟ ಮಾಡಿದ್ರೆ ಕ್ಯೂಬಿಸಂ,” ಎಂದಳು ಹೆಂಡತಿ. ಎಲ್ಲರೂ ನಕ್ಕರು. ಅವಳೂ ನಕ್ಕಳು, ನಗುತ್ತ ನಗುತ್ತಲೇ ಬಾಯಿಗೆ ಕೈ ಅಡ್ಡ ಹಿಡಿದು ಅತ್ತುಬಿಟ್ಟಳು.

“ಆ ದೋಣಿ ವಿಷ್ಯ ಒಂದು ಅವನನ್ನ ತಿಂದುಹಾಕ್ತು,” ಎಂದ ಸತ್ತವನ ಅಣ್ಣ. “ಮೇಡಂಗೆ ಕೆಟ್ಟ ಹೆಸರು ತಂದೆ, ಕೆಟ್ಟ ಹೆಸರು ತಂದೆ ಅಂತ ಕೊನೇವರ್ಗೂ ಕೊರಗಿದ.”

ಮೇಡಂ ತಲೆ ತಗ್ಗಿಸಿದರು. ಹಾಗಾದರೆ ಪುಣ್ಯಾತ್ಮ ಕಟ್ಟಿಕೊಂಡವಳ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ!

*

ಅದು ಈಜಿಪ್ಟಿನ ಹಳೆಯ ಗೋರಿಯೊಂದರ ಗೋಡೆಯಲ್ಲಿದ್ದ ದೋಣಿಯ ಚಿತ್ರ. ಆ ಸ್ಲೈಡನ್ನು ಚೌಕಟ್ಟಿಗೆ ಕೂರಿಸಿದ್ದು ಮೇಡಂ. ಯಾವ ಬದಿ ಮುಂದೆ ಎಂದು ತೋರಿಸುವ ಕೆಂಪು ಚುಕ್ಕಿಯನ್ನು ಅವಸರದಲ್ಲಿ ಹಿಂಬದಿಗೆ ಇಟ್ಟಿದ್ದೂ ಅವರೇ. ಚುಕ್ಕಿ ನೋಡಿಕೊಂಡು ಸ್ಲೈಡಪ್ಪ ಹಾಕಿದ. ಬಲಕ್ಕೆ ಹೋಗಬೇಕಾದ ದೋಣಿ ಪರದೆಯ ಮೇಲೆ ಎಡಕ್ಕೆ ಹೋಯಿತು. ಅದು ಎಡಕ್ಕೇ ಯಾಕೆ ಹೋಗುತ್ತಿದೆ ಎಂಬುದಕ್ಕೆ ಮೇಡಂ ಸೂರ್ಯಾಸ್ತ, ಸಾವು, ಮರುಹುಟ್ಟು ಎಂದು ದೊಡ್ಡ ಸಿದ್ಧಾಂತವನ್ನೇ ಹೊಸೆದರು. ವಿದ್ಯಾರ್ಥಿಗಳು ಪಾಪ, ಬರೆದುಕೊಂಡರು.

ಒಂದು ದಿನ ಅವನು ಲೈಬ್ರರಿಯ ದಪ್ಪ ಪುಸ್ತಕವೊಂದನ್ನು ಎದೆಗವಚಿಕೊಂಡು ಬಂದ. “ಮೇಡಂ, ಇದ್ರಲ್ಲಿ ದೋಣಿ ಬಲಕ್ಕೆ ಹೋಗ್ತಿದೆ. ನಮ್ದು ತಿರುಗುಮುರುಗು ಆಗಿದ್ಯೇನೋ ಅಂತ…”

“ಸ್ಲೈಡ್ ಹಾಕೋದು ನಿನ್ ಕೆಲ್ಸ. ನೋಡೋದು ನನ್ ಕೆಲ್ಸ.”

ಅವನು ಮತ್ತೆ ಆ ಮಾತೆತ್ತಲಿಲ್ಲ. ಸಿದ್ಧಾಂತ ಮೇಡಂ ಬರೆದ ಪುಸ್ತಕದ ಎರಡನೇ ಅಧ್ಯಾಯವಾಯಿತು. ಅಚ್ಚಾದ ತಿಂಗಳೊಳಗೆ ಓದುಗರೊಬ್ಬರು ಪ್ರಿನ್ಸಿಪಾಲರಿಗೆ ಕಾಗದ ಬರೆದರು. ಪ್ರಿನ್ಸಿಪಾಲರು ಇಬ್ಬರನ್ನೂ ಕರೆಸಿ, ಇದೇನಿದು ಎಂದು ಕೇಳಿದಾಗ, “ಇವನು ಸ್ಲೈಡ್ ಉಲ್ಟಾ ಹಾಕಿದ್ದ,” ಎಂದರು ಮೇಡಂ. ಪಕ್ಕದಲ್ಲೇ ನಿಂತಿದ್ದ ಅವನು ಅವರ ಮುಖವನ್ನು ಒಮ್ಮೆ ನೋಡಿ, “ಹೌದು ಸಾರ್, ಕೈತಪ್ಪಾಯ್ತು,” ಎಂದುಬಿಟ್ಟ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವನನ್ನು ಮುಂದಿನ ಗೇಟು ಕಾಯಲು ಹಾಕಿದರು. ಅದಕ್ಕೂ ಮುಂಚೆ, ‘ಸ್ಲೈಡ್ ಸಿಬ್ಬಂದಿಯ ಪ್ರಮಾದದಿಂದ’ ಎಂದು ಶುರುವಾಗುವ ತಿದ್ದುಪಡಿ ಚೀಟಿಯನ್ನು ಪುಸ್ತಕದ ಪ್ರತಿ ಪ್ರತಿಗೂ ಅಂಟಿಸುವ ಕೆಲಸವೂ ಅವನ ತಲೆಗೇ ಬಿತ್ತು. ಮುನ್ನೂರು ಚೀಟಿ, ಒಂದೂ ಸೊಟ್ಟಗಿರಲಿಲ್ಲ. ಆಮೇಲೆ ಏಳು ವರ್ಷ ಮೇಡಂ ಹಿಂದಿನ ಗೇಟಿನಿಂದ ಓಡಾಡಿದರು.

*

“ಎತ್ತೋ ಮುಂಚೆ ನೀವೊಂದೆರಡು ಮಾತಾಡಿ ಮೇಡಂ,” ಎಂದಳು ಮಗಳು.

ಮೇಡಂ ಎದ್ದರು. ಈಗಲೂ ಹೇಳದಿದ್ದರೆ ಇವನು ತಪ್ಪುಗಾರನಾಗಿಯೇ ಮಣ್ಣಿಗೆ ಹೋಗುತ್ತಾನೆ.

“ದೋಣಿ ತಪ್ಪು ಅವರದಲ್ಲ,” ಎಂದರು. “ಚುಕ್ಕಿ ತಪ್ಪಾಗಿ ಇಟ್ಟವಳು ನಾನು. ಅವರು ಬಂದು ಹೇಳಿದ್ರು, ಗದರಿಸಿ ಕಳಿಸ್ದೆ. ಆಮೇಲೆ ಸುಳ್ಳು ಹೇಳಿ ಅವರ ತಲೆಗೆ ಕಟ್ಟಿದೆ.”

ಅಣ್ಣ ಕಣ್ಣೊರೆಸಿಕೊಂಡ. “ನೋಡ್ರಪ್ಪಾ, ದೊಡ್ಡವರು ಅಂದ್ರೆ ಹೀಗಿರ್ಬೇಕು! ಸತ್ತವನ ತಪ್ಪನ್ನ ತಮ್ ಮೈಮೇಲೆ ಎಳ್ಕೊಳ್ತಿದಾರೆ.”

“ಅಯ್ಯೋ ಇಲ್ಲ, ನಿಜವಾಗ್ಲೂ—”

“ಸಾಕು ಮೇಡಂ,” ಎಂದು ಹೆಂಡತಿ ಅವರ ಎರಡೂ ಕೈ ಹಿಡಿದುಕೊಂಡಳು. “ಅವ್ರೇ ನನ್ ಮುಂದೆ ಒಪ್ಕೊಂಡಿದ್ರಲ್ಲ. ಮೇಡಂ ಇಲ್ದಿದ್ರೆ ನಂಗೆ ಪ್ರಪಂಚಾನೇ ಗೊತ್ತಾಗ್ತಿರ್ಲಿಲ್ಲ ಅಂತಿದ್ರು. ನೀವು ಹೀಗಂದಿದ್ದು ಕೇಳಿದ್ರೆ ಎಷ್ಟು ಹಿಗ್ಗೋವ್ರೋ.”

ಮೇಡಂ ಮತ್ತೊಮ್ಮೆ ಹೇಳಿದರು, ಜೋರಾಗಿ ಹೇಳಿದರು, ಆಣೆ ಇಟ್ಟು ಹೇಳಿದರು. ಹೇಳಿದಷ್ಟೂ ಅವರ ದೊಡ್ಡತನವೇ ಬೆಳೆಯಿತು. ದರ್ಜಿ ಕೈಯನ್ನೇ ಮುಗಿದ.

ಹೆಣ ಎತ್ತಿದರು. ಹೊರಗೆ ನೆತ್ತಿ ಸೀಳುವ ಬಿಸಿಲು. ಮನೆಯಲ್ಲಿದ್ದದ್ದು ಒಂದೇ ಕೊಡೆ. ಮಗಳು ಅದನ್ನು ಬಿಚ್ಚಿ ಮೇಡಂ ತಲೆಗೆ ಹಿಡಿದಳು.

“ನಂಗೆ ಬೇಡಮ್ಮಾ, ನಿಮ್ಮಮ್ಮಂಗೆ ಹಿಡಿ.”

“ಅಮ್ಮಾನೇ ಹೇಳಿದ್ದು ಮೇಡಂ.”

ಸ್ಮಶಾನದವರೆಗೂ ಮೇಡಂ ಆ ನೆರಳಿನಲ್ಲೇ ನಡೆದರು. ಎರಡು ಹೆಜ್ಜೆ ಮುಂದೆ ಅವನ ಹೆಂಡತಿ ಬರಿತಲೆಯಲ್ಲಿ ನಡೆಯುತ್ತಿದ್ದಳು. ಆಗಾಗ ಹಿಂದಿರುಗಿ, ಮೇಡಂ ಮೇಲೆ ಬಿಸಿಲು ಬೀಳುತ್ತಿಲ್ಲವಷ್ಟೇ ಎಂದು ನೋಡಿಕೊಳ್ಳುತ್ತಿದ್ದಳು.